ಸಕ್ಕರೆ ಇಳಿಸಿದ್ದು ಯಾವುದು?

"ಇನ್ನ ಮ್ಯಾಲೆ ನನ್ನ ಮಗನ ಬಾಯಾಗ ಒಂದು ಗುಳಿಗಿ ಬೀಳಬಾರದು! ಬಿದ್ದದ್ದು ಗೊತ್ತಾದ್ರ ಈ ಮನ್ಯಾಗ ನಾ ಒಂದು ತುತ್ತು ಅನ್ನಾ ಮುಟ್ಟೂದಿಲ್ಲ!"

ಸತ್ಯಭಾಮಾಬಾಯಿ ಮಾತ್ರೆಗಳ ಹಾಳೆಯನ್ನು ಮಗನ ಕೈಯಿಂದ ಕಸಿದು, ಮಾನ್ವಿಯ ಆ ಮನೆಯ ಅಡುಗೆಮನೆಯ ಕಿಟಕಿಯಾಚೆ ಎಸೆದರು. ನಲವತ್ತನಾಲ್ಕು ವರ್ಷದ ಪ್ರಾಣೇಶ, ದೇವದುರ್ಗದ ಹೈಸ್ಕೂಲಿನಲ್ಲಿ ಅರವತ್ತು ಹುಡುಗರಿಗೆ ಗಣಿತ ಕಲಿಸುವ ಮೇಷ್ಟ್ರು, ತಾಯಿಯ ಮುಂದೆ ತಪ್ಪು ಮಾಡಿದ ವಿದ್ಯಾರ್ಥಿಯಂತೆ ತಲೆ ತಗ್ಗಿಸಿ ನಿಂತಿದ್ದ. ಅವನ ಹೆಂಡತಿ ಶ್ರೀಪ್ರಿಯಾ ಒಲೆಯ ಮೇಲಿನ ರೊಟ್ಟಿ ಸೀಯುತ್ತಿದ್ದುದನ್ನೂ ಮರೆತು ಇಬ್ಬರ ಮುಖವನ್ನೂ ನೋಡುತ್ತಿದ್ದಳು. ಯಾರ ಕಡೆ ಮಾತಾಡಬೇಕು? ಏನೆಂದು ಮಾತಾಡಬೇಕು? ಅವಳಿಗೆ ತಿಳಿಯಲಿಲ್ಲ...

ಶಾಲೆಯಲ್ಲಿ ನಡೆದ ಆರೋಗ್ಯ ಶಿಬಿರದಲ್ಲಿ ಪ್ರಾಣೇಶನಿಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾಗಿತ್ತು. ರಾಯಚೂರಿನ ಡಾಕ್ಟರ್ ಜಾಹೆದಾ ಮಾತ್ರೆ ಬರೆದುಕೊಟ್ಟು, ಅನ್ನ ಕಡಿಮೆ ಮಾಡಿ ದಿನಾ ನಡೆಯಬೇಕೆಂದು ಹೇಳಿದ್ದರು. ಮಾತ್ರೆ ತೆಗೆದುಕೊಂಡ ಮೊದಲ ವಾರದಲ್ಲೇ ಅವನಿಗೆ ಎರಡು ಸಲ ತಲೆ ತಿರುಗಿತು. ಸತ್ಯಭಾಮಾಬಾಯಿಗೆ ಅಷ್ಟು ಸಾಕಾಯಿತು! ಇಡೀ ಓಣಿಯ ಕೆಮ್ಮು, ಅಜೀರ್ಣ, ಮೊಣಕಾಲು ನೋವುಗಳಿಗೆ ಔಷಧ ಕೊಡುವ ಕೈ ಅವರದು. ಗಂಡ ಜಯಸಿಂಹರು ತೀರಿಕೊಂಡ ಮೇಲೆ ಹಬ್ಬ ಹುಣ್ಣಿಮೆಗಳಲ್ಲಿ ಹಿಂದಿನ ಸಾಲಿಗೆ ಸರಿದಿದ್ದ ಆ ಹೆಂಗಸನ್ನು ಜನ ಮನೆ ಹುಡುಕಿಕೊಂಡು ಬಂದು "ಬಾಯಾರ, ಸ್ವಲ್ಪ ಕಷಾಯ ಕೊಡ್ರಿ" ಎಂದು ಕೇಳುತ್ತಿದ್ದರು. ಅದೇ ಅವರ ಬದುಕಾಗಿತ್ತು. ಹೆತ್ತ ಮಗನಿಗೇ ಆ ಔಷಧ ಬೇಡವೆಂದರೆ?

ಅಂದಿನಿಂದ ಮನೆಯ ದಿನಚರಿಯೇ ಬದಲಾಯಿತು. ಬೆಳಿಗ್ಗೆ ನೆನೆಸಿದ ಮೆಂತ್ಯ, ಆಮೇಲೆ ಹಾಗಲಕಾಯಿ ರಸ, ಮಧ್ಯಾಹ್ನದ ಡಬ್ಬಿಗೆ ಜೋಳದ ರೊಟ್ಟಿ ಮತ್ತು ಪುಂಡಿಪಲ್ಯ, ಸೂರ್ಯ ಮುಳುಗುವುದರೊಳಗೆ ಊಟ, ಊಟದ ನಂತರ ತಾಯಿ ಮಗ ಇಬ್ಬರೂ ಒಂದು ಮೈಲಿ ನಡಿಗೆ. ಪಕ್ಕದ ಹಳ್ಳಿ ಕುರ್ಡಿಯಿಂದ ತರಕಾರಿ ತರುವ ಗೋಪಮ್ಮ ಎಳೆಯ ಹಾಗಲಕಾಯಿಗಳನ್ನು ಬಾಯಾರಿಗೆಂದೇ ಬೇರೆ ತೆಗೆದಿಡುತ್ತಿದ್ದಳು.

ಮೂರು ವಾರ ಕಳೆಯಿತು. ಪ್ರಾಣೇಶನ ಹೊಟ್ಟೆ ಸ್ವಲ್ಪ ಕರಗಿತು. ಆದರೆ ಮೊದಲಿನಿಂದಲೂ ಇದ್ದ ಅಂಗಾಲಿನ ಜುಮುಜುಮು ನಿಲ್ಲಲಿಲ್ಲ. ಒಂದು ದಿನ ಅವನು ಕರಿಹಲಗೆಯ ಮೇಲೆ ತಾನೇ ಬರೆದ ಅಂಕಿ ತನಗೇ ಮಸುಕಾಗಿ ಕಂಡಿತೆಂದು ಹೆಂಡತಿಗೆ ಮಾತ್ರ ಹೇಳಿದ. ಬಸ್ ನಿಲ್ದಾಣದ ಹತ್ತಿರದ ಸತ್ತಾರ್ ಸಾಬರ ಔಷಧದಂಗಡಿಯಲ್ಲಿ ಇಬ್ಬರೂ ಗುಟ್ಟಾಗಿ ಅವನ ಬೆರಳು ಚುಚ್ಚಿಸಿ ಸಕ್ಕರೆ ನೋಡಿದರು. ಇನ್ನೂರ ತೊಂಬತ್ತು!

ಅವಳು ಫೋನಿನಲ್ಲಿ ಕಂಡದ್ದನ್ನೆಲ್ಲ ಓದಿದಳು. ನೆಂಟರ ಗುಂಪಿನಲ್ಲಿ ಒಬ್ಬರು ಮಾತ್ರೆ ನುಂಗಿದರೆ ಕಿಡ್ನಿ ಹೋಗುತ್ತದೆ ಎಂದರು, ಇನ್ನೊಬ್ಬರು ನುಂಗದಿದ್ದರೆ ಕಿಡ್ನಿ ಹೋಗುತ್ತದೆ ಎಂದರು. ಮೆಂತ್ಯ ಅಮೃತವೆಂದು ಒಬ್ಬರು, ಮೆಂತ್ಯದಿಂದ ಏನೂ ಆಗುವುದಿಲ್ಲವೆಂದು ಮತ್ತೊಬ್ಬರು. ಓದಿದಷ್ಟೂ ಅವಳ ತಲೆ ಕದಡಿದ ಕೆರೆಯಂತಾಯಿತು. ಅತ್ತೆಯನ್ನು ನಂಬಬೇಕೇ, ಡಾಕ್ಟರನ್ನು ನಂಬಬೇಕೇ? ಅತ್ತೆಗೆ ಎದುರಾಡಿದರೆ ಅವರು ಊಟ ಬಿಡುತ್ತಾರೆ. ಸುಮ್ಮನಿದ್ದರೆ ಗಂಡನ ಕಣ್ಣು...

ಕೊನೆಗೆ ಅವಳು ಒಂದು ನಿರ್ಧಾರಕ್ಕೆ ಬಂದಳು. ಡಾಕ್ಟರ್ ಬರೆದಿದ್ದ ಚೀಟಿ ತೋರಿಸಿ ಮಾತ್ರೆ ತಂದು, ಪ್ರತಿದಿನ ಬೆಳಿಗ್ಗೆ ಒಂದನ್ನು ಸಣ್ಣ ಕಲ್ಲಿನಲ್ಲಿ ಅರೆದು, ಹಾಗಲಕಾಯಿ ರಸದ ಲೋಟಕ್ಕೆ ಬೆರೆಸತೊಡಗಿದಳು. ಆ ಕಹಿಯಲ್ಲಿ ಇನ್ನಾವ ಕಹಿ ತಿಳಿದೀತು? ಗಂಡನಿಗೂ ಹೇಳಲಿಲ್ಲ. ತಾಯಿಯ ಮುಂದೆ ಸುಳ್ಳು ಹೇಳಿದರೆ ಅವನ ಮುಖವೇ ಎಲ್ಲವನ್ನೂ ಬಯಲು ಮಾಡುತ್ತಿತ್ತು.

ಎರಡೇ ವಾರ! ನೂರ ಇಪ್ಪತ್ತಕ್ಕೆ ಇಳಿಯಿತು ಸಕ್ಕರೆ. ಸತ್ಯಭಾಮಾಬಾಯಿ ರಕ್ತಪರೀಕ್ಷೆಯ ಚೀಟಿ ಹಿಡಿದು ಓಣಿಯ ಮನೆಮನೆಗೂ ಹೋಗಿ ಬಂದರು. "ನೋಡಿದ್ಯಾ ಶ್ರೀಪ್ರಿಯಾ? ಹಾಗಲಕಾಯಿ ಮುಂದ ನಿಮ್ಮ ಡಾಕ್ಟರ್ ಗುಳಿಗಿ ಏನು ಮಾಡ್ತಾವ?" ಎಂದಾಗ ಅವರ ಮುಖದಲ್ಲಿದ್ದ ಬೆಳಕನ್ನು ಕಂಡು ಶ್ರೀಪ್ರಿಯಾ ಬೇರೆ ಕಡೆ ತಿರುಗಿಕೊಂಡಳು. ಆದರೆ ಒಂದು ಸಂಗತಿ ಅವಳಿಗೆ ಅರ್ಥವಾಗಲಿಲ್ಲ. ಮಧ್ಯಾಹ್ನವಾದರೆ ಮೈ ಬೆವರಿ ಕೈ ನಡುಗುತ್ತದೆ ಎನ್ನುತ್ತಿದ್ದ ಪ್ರಾಣೇಶ. "ರೋಗ ಬೆವರಾಗಿ ಹೊರಗ ಹೊಂಟದ" ಎಂದರು ಅತ್ತೆ. ಇರಬಹುದೇ? ಯಾರನ್ನು ಕೇಳುವುದು? ಕೇಳಿದರೆ ಮಾತ್ರೆಯ ವಿಷಯವನ್ನೂ ಹೇಳಬೇಕಲ್ಲ!

ಏಕಾದಶಿ ಬಂತು. ಅಂದು ಮನೆಯಲ್ಲಿ ಯಾರಿಗೂ ಊಟವಿಲ್ಲ. "ಔಷಧಕ್ಕ ದೋಷ ಇಲ್ಲ" ಎಂದು ಅತ್ತೆ ಹಾಗಲಕಾಯಿ ರಸ ಮಾತ್ರ ಹಿಂಡಿಟ್ಟರು. ಶ್ರೀಪ್ರಿಯಾ ಅರೆಯುವ ಕಲ್ಲಿನ ಮುಂದೆ ಬಹಳ ಹೊತ್ತು ನಿಂತಳು. ಉಪವಾಸದ ದಿನ ಮಾತ್ರೆ ಕೊಡಬಹುದೇ, ಬಾರದೇ? ಒಂದು ದಿನ ತಪ್ಪಿದರೆ ಮತ್ತೆ ಇನ್ನೂರ ತೊಂಬತ್ತಾದರೆ? ಹೊರಗೆ ಬಸ್ಸಿಗೆ ಹೊತ್ತಾಯಿತೆಂದು ಪ್ರಾಣೇಶ ಕೂಗಿದ. ಅವಳು ಗಡಿಬಿಡಿಯಲ್ಲಿ ಅರೆದು ಬೆರೆಸಿಬಿಟ್ಟಳು.

ಹನ್ನೆರಡು ಗಂಟೆಗೆ ಫೋನ್ ಬಂತು. ಮಾಡಿದವರು ಪ್ರಾಣೇಶನ ಜೊತೆಯ ಮೇಷ್ಟ್ರು ಆನಂದರು. "ಅಕ್ಕಾರ, ಸರ್ ಕ್ಲಾಸಿನ್ಯಾಗ ಏನೇನೋ ಮಾತಾಡಿ ಬಿದ್ದುಬಿಟ್ರು... ಇಲ್ಲಿ ಗ್ಲುಕೋಸ್ ಹಚ್ಯಾರ. ರಾಯಚೂರಿಗೆ ಕರಕೊಂಡು ಹೊಂಟೀವಿ, ನೀವು ಲಗೂನ ಬರ್ರಿ!"

ಆಸ್ಪತ್ರೆಯ ಮಂಚದ ಮೇಲೆ ಪ್ರಾಣೇಶ ಸುಣ್ಣದಂತೆ ಬಿಳುಚಿಕೊಂಡು ಮಲಗಿದ್ದ. ಕಣ್ಣು ತೆರೆದಿದ್ದರೂ ಹೆಂಡತಿಯ ಗುರುತು ಹಿಡಿಯಲು ಅವನಿಗೆ ಅರೆಗಳಿಗೆ ಬೇಕಾಯಿತು. ಡಾಕ್ಟರ್ ಜಾಹೆದಾ ಕೇಳಿದರು:

"ಸಕ್ಕರಿ ಪೂರ್ತಿ ಕೆಳಗ ಇಳಿದುಬಿಟ್ಟಿತ್ತು. ಇನ್ನ ಸ್ವಲ್ಪ ತಡಾ ಆಗಿದ್ರ ಜೀವಕ್ಕ ಕುತ್ತಿತ್ತು. ಖರೆ ಹೇಳ್ರಿ, ಏನು ಕೊಟ್ಟಿದ್ರಿ?"

'ಹೇಳು... ಈಗಲೇ ಹೇಳು!' ಎಂದು ಶ್ರೀಪ್ರಿಯಾಳ ಒಳಗಿನಿಂದ ಯಾರೋ ಕಿರುಚುತ್ತಿದ್ದರು. ಅಷ್ಟರಲ್ಲಿ ಸತ್ಯಭಾಮಾಬಾಯಿ ಮುಂದೆ ಬಂದರು.

"ನಾನು ಕೊಟ್ಟೀನ್ರಿ. ಹಾಗಲಕಾಯಿ ರಸ, ಮೆಂತ್ಯ. ಉಪವಾಸಾನೂ ನಾನ ಮಾಡಿಸೀನಿ. ಏನರೆ ಅನ್ನೂದಿದ್ರ ನನಗ ಅನ್ನಿ."

ರಾಯಚೂರಿನಲ್ಲೇ ವಕೀಲನಾಗಿದ್ದ ಕಿರಿಯ ಮಗ ಅಕ್ಷೋಭ್ಯ ಸಿಡಿದೆದ್ದ. "ಸಾಕು ಮಾಡವ್ವಾ ನಿನ್ನ ವೈದ್ಯಕಿ! ಎಲಿ ಬೇರು ಅರದು ಅರದು ಅಣ್ಣನ ಹೆಣಾ ಹೊರಗ ಹಾಕಾಕಿ ಇದ್ದಿ ನೀನು! ಇನ್ನೊಮ್ಮೆ ಆ ಡಬ್ಬಿಗೋಳನ್ನ ನಾ ನೋಡಬಾರದು!"

ವಾರ್ಡಿನ ಜನವೆಲ್ಲ ತಿರುಗಿ ನೋಡಿದರು. ಅರವತ್ತೆಂಟರ ಆ ಹೆಂಗಸು ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಗೆ ಆತು ನಿಂತರು. ಶ್ರೀಪ್ರಿಯಾ ನೋಡುತ್ತಲೇ ಇದ್ದಳು... ಹೇಳಲಿಲ್ಲ! ಅಯ್ಯೋ, ಆಗಲೂ ಹೇಳಲಿಲ್ಲ!

ಮೂರನೆಯ ದಿನ ಮನೆಗೆ ಮರಳಿದರು. ಸತ್ಯಭಾಮಾಬಾಯಿ ಸ್ನಾನ ಮುಗಿಸಿ, ನೆಲ್ಲಿ ಪುಡಿ, ಅಜವಾನ, ಒಣಗಿಸಿದ ಬೇರುಗಳ ಭರಣಿಗಳನ್ನೆಲ್ಲ ಹೊರತಂದು ತಿಪ್ಪೆಗೆ ಸುರಿಯತೊಡಗಿದರು. ಅದೇ ಹೊತ್ತಿಗೆ ಗೋಪಮ್ಮ ಬುಟ್ಟಿ ಹೊತ್ತು ಬಂದಳು.

"ಯವ್ವಾ, ಮೊಮ್ಮಗ ಕೆಮ್ಮಾಕತ್ತೈತ್ರಿ, ನಿನ್ನೀಲಿಂದ ನಿದ್ದಿ ಇಲ್ಲ. ಒಂದೀಟು ಕಷಾಯ ಕೊಡ್ರಿ."

"ನನಗೇನೂ ಗೊತ್ತಿಲ್ಲ ಗೋಪಮ್ಮ. ದವಾಖಾನಿಗೆ ಕರಕೊಂಡು ಹೋಗು."

"ನಿಮಗ ಗೊತ್ತಿಲ್ಲಂದ್ರ ಹ್ಯಾಂಗ್ರಿ ಯವ್ವಾ? ಅವನ ಅಪ್ಪಗ ಸಣ್ಣಾಂವ ಇದ್ದಾಗ ನೀವ ಅಲ್ರೀ ಕೊಟ್ಟಿದ್ದು..."

"ಗೊತ್ತಿಲ್ಲ ಅಂದೆ! ಹೋಗು!"

ಗೋಪಮ್ಮ ದಿಕ್ಕು ತಪ್ಪಿದವಳಂತೆ ಹೊರಟುಹೋದಳು. ಶ್ರೀಪ್ರಿಯಾಳಿಗೆ ಇನ್ನು ತಡೆದುಕೊಳ್ಳಲಾಗಲಿಲ್ಲ. ಓಡಿಬಂದು ಅತ್ತೆಯ ಕಾಲು ಹಿಡಿದಳು.

"ಅತ್ತೀ, ನಿಮ್ಮದೇನೂ ತಪ್ಪಿಲ್ಲ! ದಿನಾ ನಿಮ್ಮ ರಸದಾಗ ನಾನು ಗುಳಿಗಿ ಅರದು ಹಾಕ್ತಿದ್ದೆ... ಏಕಾದಶಿ ದಿನಾನೂ ಹಾಕಿದೆ... ಅವರನ್ನ ಬೀಳಿಸಿದಾಕಿ ನಾನು! ನನ್ನ ಹೊಡೀರಿ, ಬೈರಿ, ಸುಮ್ಮನಿರಬ್ಯಾಡ್ರಿ!"

ಸತ್ಯಭಾಮಾಬಾಯಿ ಕೈಯಲ್ಲಿದ್ದ ಭರಣಿಯನ್ನು ನಿಧಾನವಾಗಿ ಕೆಳಗಿಟ್ಟರು.

"ಗೊತ್ತಿತ್ತು ನನಗ" ಎಂದರು.

ಶ್ರೀಪ್ರಿಯಾ ಬೆಚ್ಚಿ ತಲೆಯೆತ್ತಿದಳು.

"ಅರಿಯೂ ಕಲ್ಲಿನ್ಯಾಗ ಬೆಳ್ಳಗ ಹತ್ತಿದ್ದು ಒಂದು ದಿನ ಕಂಡೆ. ನಾಕು ದಿನದ ಮ್ಯಾಲೆ ಸಕ್ಕರಿ ಇಳೀತು. ಓಣ್ಯಾಗ ಎಲ್ಲಾರೂ ಬಾಯಾರ ಕೈಗುಣ ಅಂದ್ರು. ನನಗ ಅದು... ಅದು ಕೇಳಲಿಕ್ಕೆ ಭಾಳ ಹಿತ ಆತವಾ. ಬಾಯಿ ಮುಚ್ಚಿಕೊಂಡೆ. ಏಕಾದಶಿ ದಿನಾನೂ 'ಇವತ್ತು ಹಾಕಬ್ಯಾಡ' ಅಂತ ನಿನಗ ಹೇಳಬೇಕು ಅನಿಸಿತ್ತು. ಹೇಳಿದ್ರ ನನಗ ಗೊತ್ತಿತ್ತು ಅನ್ನೂದು ಹೊರಗ ಬರ್ತಿತ್ತಲ್ಲ! ಅದಕ್ಕ ಆಸ್ಪತ್ರ್ಯಾಗ ನಾ ತಪ್ಪು ಒಪ್ಪಿಕೊಂಡಿದ್ದು ನಿನ್ನ ಸಲುವಾಗಿ ಅಲ್ಲ, ಖರೇನ ನನ್ನ ತಪ್ಪು ಅಂತ."

ಬಾಗಿಲ ಬಳಿ ಸದ್ದಾಯಿತು. ಚೌಕಟ್ಟು ಹಿಡಿದುಕೊಂಡು ಪ್ರಾಣೇಶ ನಿಂತಿದ್ದ.

"ಇಬ್ಬರೂ ಸುಮ್ಮನಿರ್ರಿ... ಅವತ್ತು ಇನ್ನೂರ ತೊಂಬತ್ತು ನೋಡಿ ಅಂಜಿ ನಾನೂ ಗುಳಿಗಿ ತಗೊಂಡು ಸಾಲ್ಯಾಗ ಇಟ್ಟಿದ್ದೆ. ದಿನಾ ಅಲ್ಲಿ ಒಂದು ನುಂಗತಿದ್ದೆ. ಅವ್ವಗ ಗೊತ್ತಾದ್ರ ಊಟ ಬಿಡ್ತಾಳ ಅಂತ ಯಾರಿಗೂ ಹೇಳಲಿಲ್ಲ. ಡಾಕ್ಟರ್ ಕೇಳಿದಾಗ ಅವ್ವನ ಮುಂದ ಬಾಯಿ ಬರಲಿಲ್ಲ..."

ಮೂವರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಯಾರು ಯಾರನ್ನು ಬೈಯಬೇಕು, ಯಾರು ಯಾರ ಕ್ಷಮೆ ಕೇಳಬೇಕು? ಒಂದು ಮಾತ್ರೆ ಬೇಕಾದಲ್ಲಿ ಎರಡು ಮಾತ್ರೆ, ಅದರ ಮೇಲೆ ರಸ, ಅದರ ಮೇಲೆ ಬರಿ ಹೊಟ್ಟೆ... ಎಲ್ಲವೂ ಪ್ರೀತಿಯಿಂದಲೇ, ಎಲ್ಲವೂ ಗುಟ್ಟಿನಿಂದಲೇ!

"ಮೂರೂ ಮಂದಿ ಕೂಡಿ ಏನು ಮಾಡಲಿಕ್ಕೆ ಹೊಂಟಿದ್ದಿವೋ ಯಪ್ಪಾ!" ಎಂದು ಸತ್ಯಭಾಮಾಬಾಯಿ ಮಗನನ್ನು ಅಪ್ಪಿಕೊಂಡು ಗಟ್ಟಿಯಾಗಿ ಅತ್ತರು.

ಮುಂದಿನ ವಾರ ಮೂವರೂ ರಾಯಚೂರಿಗೆ ಹೋಗಿ ಡಾಕ್ಟರ್ ಜಾಹೆದಾರ ಮುಂದೆ ಒಂದನ್ನೂ ಬಿಡದೆ ಎಲ್ಲವನ್ನೂ ಹೇಳಿದರು. ಡಾಕ್ಟರ್ ಬೈಯಲಿಲ್ಲ. ಮಾತ್ರೆಯ ಪ್ರಮಾಣ ಬದಲಿಸಿ ಬರೆದರು. ರೊಟ್ಟಿ, ಸೊಪ್ಪು, ಬೇಗನೆ ಊಟ, ನಡಿಗೆ, ಇವನ್ನು ಬಿಡಬೇಡಿ ಎಂದರು. ಇನ್ನು ಮುಂದೆ ಏನೇ ಕುಡಿಯುವುದಿದ್ದರೂ, ಉಪವಾಸ ಮಾಡುವುದಿದ್ದರೂ ಮೊದಲು ತನಗೆ ಹೇಳಬೇಕೆಂದರು. ಸತ್ಯಭಾಮಾಬಾಯಿ ಎಲ್ಲಕ್ಕೂ ತಲೆಯಾಡಿಸಿ, ಏಳುವ ಮುಂಚೆ ತಡೆದು ಕೇಳಿದರು:

"ಡಾಕ್ಟರಬಾಯಿ, ಒಂದು ಮಾತು. ಆ ನೂರ ಇಪ್ಪತ್ತಕ್ಕ ಇಳಿದದ್ದು... ಅದರಾಗ ನನ್ನ ರಸದ್ದೂ ಏನರೆ ಪಾಲು ಇತ್ತೇನು?"

ಜಾಹೆದಾ ಪೆನ್ನು ಕೆಳಗಿಟ್ಟರು. "ಅಮ್ಮಾ, ಸುಳ್ಳು ಹೇಳಲಾರೆ. ಎಲ್ಲಾ ಒಂದ ವ್ಯಾಳ್ಯಾಕ ಹೊಟ್ಟ್ಯಾಗ ಹೋಗ್ಯಾವ. ಯಾವುದು ಎಷ್ಟು ಇಳಿಸ್ತು ಅಂತ ನನಗೂ ಗೊತ್ತಿಲ್ಲ, ಯಾರಿಗೂ ಗೊತ್ತಾಗೂದಿಲ್ಲ."

ಶ್ರೀಪ್ರಿಯಾಳಿಗೆ ಆಗ ಅರಿವಾಯಿತು. ಆ ಲೋಟಕ್ಕೆ ತಾನು ಬೆರೆಸಿದ್ದು ಮಾತ್ರೆಯೊಂದನ್ನೇ ಅಲ್ಲ. ನಲವತ್ತು ವರ್ಷ ಊರಿಗೆ ಔಷಧ ಕೊಟ್ಟ ಒಬ್ಬ ಹೆಂಗಸಿಗೆ ತನ್ನ ಕೈಗುಣ ನಿಜವೋ ಭ್ರಮೆಯೋ ಎಂಬುದು ಇನ್ನು ತಿಳಿಯದಂತೆ ಮಾಡಿದವಳು ತಾನು!

ಪ್ರಾಣೇಶ ತಾಯಿಯ ಮೊಣಕೈ ಹಿಡಿದ. "ಅವ್ವಾ, ಒಂದು ತಿಂಗಳು ಗುಳಿಗಿ ಬಿಟ್ಟು, ಬರೇ ನಿನ್ನ ರಸಾ ಕುಡದು ನೋಡ್ತೀನಿ. ಖರೇ ಏನಂತ ಗೊತ್ತಾಗ್ತದ."

ಡಾಕ್ಟರ್ ತಡೆಯಲು ಬಾಯಿ ತೆರೆಯುವಷ್ಟರಲ್ಲಿ ಸತ್ಯಭಾಮಾಬಾಯಿಯೇ ಹೇಳಿದರು:

"ಬ್ಯಾಡಪ್ಪ. ನನಗ ಉತ್ತರ ಬ್ಯಾಡ. ನೀ ಇದ್ರ ಸಾಕು."

ಊರಿಗೆ ಮರಳುವ ಬಸ್ಸಿನಲ್ಲಿ ಸತ್ಯಭಾಮಾಬಾಯಿ ಕಿಟಕಿಯ ಬಳಿ ಕುಳಿತರು. ರಾಯಚೂರು ದಾಟಿ ಹತ್ತಿ ಹೊಲಗಳು ಬಂದವು. ಅವರ ತುಟಿಗಳು ಮೆಲ್ಲಗೆ ಅಲುಗುತ್ತಿದ್ದವು. ಅತ್ತೆ ಜಪ ಮಾಡುತ್ತಿದ್ದಾರೋ ಅಳು ನುಂಗುತ್ತಿದ್ದಾರೋ ಶ್ರೀಪ್ರಿಯಾಳಿಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ. ಅವಳು ಅವರ ಕೈಯ ಮೇಲೆ ತನ್ನ ಕೈಯಿಟ್ಟಳು. ಸತ್ಯಭಾಮಾಬಾಯಿ ಕೈ ಎಳೆದುಕೊಳ್ಳಲಿಲ್ಲ.