ಮಾದರಿಯಲ್ಲಿ ನೀರು ಬರಲ್ಲ

೨೦೦೬ರ ಅಕ್ಟೋಬರ್ ೯, ಸೋಮವಾರ ಬೆಳಿಗ್ಗೆ. ಇಂಗ್ಲೆಂಡಿನ ಸಾಲ್ಫರ್ಡ್ ಠಾಣೆಗೆ ಫೋನಿನಲ್ಲಿ ದೂರು ಬಂತು: ನಗರ ಯೋಜನೆಯ ಕಚೇರಿಯೊಂದರಲ್ಲಿ ಯಾರೋ ಒಂದು ಊರನ್ನೇ ಮುಳುಗಿಸಿದ್ದಾರೆ.

“ಊರನ್ನೇ?” ಕಾನ್‌ಸ್ಟೆಬಲ್ ಬ್ರೆಂಡಾ ರೇನ್‌ಕೋಟಿನ ಗುಂಡಿ ಹಾಕುತ್ತ ಕೇಳಿದಳು.

“ಮೇಜಿನ ಮೇಲಿನ ಊರು,” ಎಂದ ಇನ್‌ಸ್ಪೆಕ್ಟರ್ ಪಂಚಾಕ್ಷರಿ. ಅವನು ಅಲ್ಲೇ ಹತ್ತಿರದ ವಿದನ್‌ಶಾ ಆಸ್ಪತ್ರೆಯ ಕನ್ನಡಿಗ ಡಾಕ್ಟರರ ಮಗ. ಅಜ್ಜಿ ರಾಗವಾಗಿ ಓದುತ್ತಿದ್ದ ಪದ್ಯಗಳನ್ನು ಕೇಳಿ ಬೆಳೆದವನು. ಮಾತು ನಿಂತಲ್ಲಿ ಕಿವಿ ಕೊಡುವ ಅಭ್ಯಾಸ ಅವನಿಗೆ ಅಲ್ಲಿಂದಲೇ ಬಂದಿರಬೇಕು.

ಕಚೇರಿಯ ಮೇಜಿನ ತುಂಬ ಹೊಳೆಕೋಟೆಯ ಮಾದರಿ ಹರಡಿತ್ತು. ಕರ್ನಾಟಕದ ಕಡಲ ತಡಿಯ ಆ ನಗರವನ್ನು ರಟ್ಟು, ಪ್ಲಾಸ್ಟರಿನಲ್ಲಿ ಕಟ್ಟಿದ್ದರು. ಕಡಲಗೋಡೆಯ ಹಿಂದಿನ ಶಾಪಿಂಗ್ ಮಾಲುಗಳು ನೆನೆಯದೆ ನಿಂತಿದ್ದವು. ಪಕ್ಕದ ಕೆಳಪೇಟೆಯ ಮನೆಗಳು ಮಾತ್ರ ನೀರಲ್ಲಿ ಕರಗಿ ಗಂಜಿಯಾಗಿದ್ದವು.

ಕಚೇರಿಯ ಯಜಮಾನ ರಾಜಶೇಖರ ಬೂಟು ಕಾಲಲ್ಲೇ ಮೇಜಿನವರೆಗೆ ಬಂದ. “ಮಧ್ಯಾಹ್ನ ಸಾಲ ಕೊಡೋ ಬ್ಯಾಂಕಿನವರು ಬರ್ತಾರೆ. ಇದು ಪಾಸಾದ್ರೆ ಏಷ್ಯಾದ ಬೇರೆ ನಗರಗಳಿಗೂ ಇದೇ ಪ್ಲಾನು. ಯಾರೋ ಹೊಟ್ಟೆಕಿಚ್ಚಿನವರ ಕೆಲಸ, ಬರ್ಕೊಳ್ಳಿ.”

“ಬೀಗ ಒಡೆದಿಲ್ಲ,” ಎಂದ ಪಂಚಾಕ್ಷರಿ.

“ಬಾಗಿಲಿನ ಕೋಡ್ ಸ್ಟಾಫಿಗೆಲ್ಲ ಗೊತ್ತು.”

ಕರ್ನಾಟಕದಲ್ಲಾದರೆ ಪಂಚನಾಮೆ ಅನ್ನುತ್ತಿದ್ದರು. ಇಲ್ಲಿ ಫೋಟೋ, ಅಳತೆ, ಸಹಿ. ಕೆಸರಿನ ಶೂ ಗುರುತುಗಳು ಮೊಗಸಾಲೆಯಲ್ಲಿ ಬಂದು ಹೊಸ್ತಿಲಲ್ಲಿ ನಿಂತುಬಿಟ್ಟಿದ್ದವು. ಒಳಗೆ ನೆಲದ ಮೇಲೆ ಪ್ಲಾಸ್ಟರಿನ ನೀರು ಬಿಳಿಯಾಗಿ ಒಣಗಿತ್ತು. ಅದರಲ್ಲಿ ಬರಿಗಾಲಿನ ಬೆರಳುಗಳ ಗುರುತು.

“ಸದ್ದಾಗದಿರಲಿ ಅಂತ ಬಿಚ್ಚಿರಬೇಕು,” ಎಂದಳು ಬ್ರೆಂಡಾ.

“ನಿನ್ನೆ ಭಾನುವಾರ. ಕಟ್ಟಡದಲ್ಲಿ ನರಪಿಳ್ಳೆಯೂ ಇರಲಿಲ್ಲ. ಕೇಳಿಸೋದು ಯಾರಿಗೆ?”

ಆಗ ಪಂಚಾಕ್ಷರಿಯ ಕಣ್ಣು ಕಿಟಕಿಯ ಕಟ್ಟೆಗೆ ಹೋಯಿತು. ಹೆಬ್ಬೆರಳಷ್ಟು ಎತ್ತರದ ಮಣ್ಣಿನ ಗುಡಿ. ಹನಿ ನೀರೂ ಸೋಕಿರಲಿಲ್ಲ.

“ಇದು ಎಲ್ಲಿತ್ತು?”

“ಕೆಳಪೇಟೆ ಕೆರೆ ಏರಿ ಮೇಲೆ. ಅಲ್ಲಿನ ಅಮ್ಮನ ಗುಡಿಯಂತೆ. ನಮ್ಮ ವೇದಾ ಮಾಡಿದ್ದು, ಅವಳದು ಅದೇ ಪೇಟೆ,” ಎಂದ ರಾಜಶೇಖರ. “ಸುಮ್ಮನೆ ಅಲಂಕಾರಕ್ಕೆ.”

ಪಂಚಾಕ್ಷರಿ ತನ್ನ ಬೂಟುಗಳನ್ನೊಮ್ಮೆ ನೋಡಿಕೊಂಡು ಒಂದು ಹೆಜ್ಜೆ ಹಿಂದೆ ಸರಿದ.

ವೇದಾ ಲೀಡ್ಸ್‌ನಲ್ಲಿ ಓದು ಮುಗಿಸಿ ಇಲ್ಲಿ ಕೆಲಸಕ್ಕೆ ಸೇರಿದ್ದಳು. ಕಚೇರಿಯ ಅಡುಗೆಕೋಣೆಯಲ್ಲಿ ಕೈಕಟ್ಟಿ ಕೂತಿದ್ದಳು. ಏನೂ ಹೇಳಲೇಬೇಕೆಂದಿಲ್ಲ, ಹೇಳಿದ್ದು ಸಾಕ್ಷ್ಯವಾದೀತು ಎಂದು ಪಂಚಾಕ್ಷರಿ ಮೊದಲು ಕಾನೂನಿನ ಮಾತು ಮುಗಿಸಿದ. ಆಮೇಲೆ ಕನ್ನಡಕ್ಕಿಳಿದ.

“ಮೊದಲು ಶೂ ಬಿಚ್ಚಿದಿರಾ, ಗುಡಿ ಎತ್ತಿಟ್ಟಿರಾ?”

ಅವಳು ಬೆಚ್ಚಲಿಲ್ಲ. “ಶೂ ಹಾಕ್ಕೊಂಡು ಅಮ್ಮನ್ನ ಮುಟ್ಟೋಕಾಗುತ್ತಾ ಸರ್?”

“ಮುಳುಗಿಸಿದ್ದು ಯಾಕೆ?”

“ಕಡಲಗೋಡೆ ಮಾಲುಗಳ ಮುಂದೆ ಮಾತ್ರ. ಅಲ್ಲಿಂದ ತಿರುಗಿದ ನೀರು ಎಲ್ಲಿಗೆ ಹೋಗುತ್ತೆ ಅಂತ ಮೀಟಿಂಗ್ ಮೀಟಿಂಗಲ್ಲೂ ಕೇಳ್ದೆ. ಮಾದರಿಯಲ್ಲಿ ನೀರು ಬರಲ್ಲಮ್ಮ ಅಂದು ರಾಜಶೇಖರ ಸರ್ ನಕ್ಕರು. ಎಲ್ಲಾರೂ ನಕ್ಕರು.”

“ಅದಕ್ಕೆ ನೀವೇ ತಂದಿರಿ.”

“ಕಡಲ ಕಡೆಯಿಂದ ಕೆಟಲ್‌ನಲ್ಲಿ ಹೊಯ್ದೆ. ನೆಟ್ಟಗೆ ಕೆಳಪೇಟೆಗೇ ಹೋಯ್ತು. ಬ್ಯಾಂಕಿನವರು ಕಣ್ಣಾರೆ ನೋಡ್ಲಿ ಅಂತ ಹಾಗೇ ಬಿಟ್ಟೆ. ಕೆಳಪೇಟೆಯಲ್ಲಿ ನಮ್ಮಕ್ಕ ಉಮಾ ಇದ್ದಾಳೆ ಸರ್. ಅವಳ ಮಕ್ಕಳಿಗೆ ಇನ್ನೂ ಈಜು ಬರಲ್ಲ.”

ಆಸ್ತಿಗೆ ಹಾನಿ ಮಾಡಿದ ಆರೋಪದ ಮೇಲೆ ಅವಳನ್ನು ಬಂಧಿಸಿದರು. ಮಧ್ಯಾಹ್ನ ಬ್ಯಾಂಕಿನವರು ಬರುವಷ್ಟರಲ್ಲಿ ಮೇಜು ಒರೆಸಿಯಾಗಿತ್ತು. ಮಾದರಿಯ ಬದಲು ಗೋಡೆಯ ಮೇಲೆ ನಗರದ ಚಿತ್ರ ತೋರಿಸಿದರು. ಕೆಳಪೇಟೆ ಇರಬೇಕಾದ ಮೂಲೆಯಲ್ಲಿ ಕಚೇರಿಯ ಲಾಂಛನವಿತ್ತು. ಯೋಜನೆ ಪಾಸಾಯಿತು.

ಸಂಜೆ ಬ್ರೆಂಡಾ ಆ ಗುಡಿಯನ್ನು ಚೀಲದಲ್ಲಿ ಹಾಕಿ, ಠಾಣೆಯ ನೆಲಮಾಳಿಗೆಯ ಸಾಕ್ಷ್ಯದ ಕೋಣೆಯಲ್ಲಿ ಕೆಳಗಿನ ಹಲಗೆಯ ಮೇಲಿಟ್ಟಳು. ಹೊರಗೆ ಮಳೆ ನಿಂತಿರಲಿಲ್ಲ. ಇರ್ವೆಲ್ ಹೊಳೆ ದಡ ಮುಟ್ಟಿ ಹರಿಯುತ್ತಿತ್ತು.

ಪಂಚಾಕ್ಷರಿ ಹೊಸ್ತಿಲಲ್ಲಿ ಬೂಟು ಬಿಚ್ಚಿ ಒಳಗೆ ಬಂದ. ಗುಡಿಯನ್ನು ಎರಡೂ ಕೈಯಲ್ಲಿ ಎತ್ತಿ, ಎಲ್ಲಕ್ಕಿಂತ ಮೇಲಿನ ಹಲಗೆಯ ಮೇಲಿಟ್ಟ.