ಪರಾಗ ಮೆತ್ತಿದ ಅಂಗಿ

"ಅಲ್ಲೇ ನಿಲ್ಲಿ. ಇನ್ನೊಂದು ಹೆಜ್ಜೆ ಇಟ್ರೂ ನನ್ನ ಕೆಲಸ ಎಲ್ಲಾ ಹಾಳು."

ಗಾಜಿನಮನೆಯ ಬಾಗಿಲಲ್ಲಿ ಅವನು ನಿಂತುಬಿಟ್ಟ. ಕೂದಲು, ಹುಬ್ಬು, ಮೀಸೆ, ಅಂಗಿ, ಎಲ್ಲದರ ಮೇಲೂ ನಸುಹಳದಿ ಪುಡಿ. ಪಕ್ಕದ ಗಾಜಿನಮನೆಯಲ್ಲಿ ಬಗೆಬಗೆಯ ಪೆಟೂನಿಯಾ ಹೂಗಳಿಂದ ಪರಾಗ ತೆಗೆಯುವವನು ಅವನು.

ಇವಳು ಬೀಜ ಕಟ್ಟಿಸುವ ಸಾಲಿನವಳು. ಮೊಗ್ಗು ಬಿರಿಯುವ ಮೊದಲೇ ಸೀಳಿ, ಚಿಮಟದಿಂದ ಕೇಸರಗಳನ್ನು ಕಿತ್ತು, ಮರುದಿನ ಹೂವಿನ ನಡುವಿನ ಅಂಟಂಟಾದ ಶಲಾಕೆಯ ತುದಿಗೆ ಗೊತ್ತುಮಾಡಿದ ಪರಾಗವನ್ನಷ್ಟೇ ಸವರಬೇಕು. ಬೇರೆ ಬಗೆಯದು ಒಂದು ಕಣ ತಾಗಿದರೂ ಬೀಜ ಕೆಟ್ಟಂತೆ.

"ಪರಾಗದ ಡಬ್ಬಿ ಕೊಡೋಕೆ ಬಂದೆ," ಎಂದ ಅವನು.

"ಹೊರಗೆ ಇಟ್ಟು ಹೋಗಿ."

"ಗದರೋದೂ ಸಂಬಳದಲ್ಲೇ ಸೇರಿದೆಯಾ?"

ಅವಳಿಗೆ ನಗು ತಡೆಯಲಾಗಲಿಲ್ಲ.

ಆಮೇಲೆ ಬಿಡುವಿನ ವೇಳೆ ಅಂಗಳದ ಬೆಂಚಿನ ಮೇಲೆ ಕುಳಿತು ಮಾತಾಡುವುದು ರೂಢಿಯಾಯಿತು. ಮಾತಿನ ನಡುವೆ ಅವಳು ಆಗಾಗ ಕೆಮ್ಮುತ್ತಿದ್ದಳು. ಪರಾಗ ಹತ್ತಿದ ಹೂವು ಬೇಗನೆ ಪರಿಮಳ ನಿಲ್ಲಿಸುತ್ತದೆ ಎಂದು ಅವಳೇ ಅವನಿಗೆ ಹೇಳಿಕೊಟ್ಟಳು.

"ದುಂಬೀನ ಕರೆಯೋ ಕೆಲಸ ಮುಗೀತಲ್ಲ, ಇನ್ಯಾಕೆ ಕರೀಬೇಕು?"

"ಇನ್ನೂ ಘಮ್ಮೆನ್ನೋ ಹೂವು?"

"ಪಾಪ... ಅದರ ಹತ್ರ ಯಾರೂ ಬಂದಿಲ್ಲ."

ಹೇಳಿ ತಾನೇ ನಾಚಿ ಎದ್ದುಹೋದಳು.

ಕೆಲವೇ ವಾರಗಳಲ್ಲಿ ಅವನು ಬೆಂಚಿನ ಕಡೆ ಬರುವುದನ್ನು ಬಿಟ್ಟ. ಅವಳೇ ಚಹಾ ಒಯ್ದರೆ ಹಿಂದೆ ಸರಿದು, "ಅಲ್ಲೇ ಇಡಿ" ಎಂದು ಮುಖ ತಿರುಗಿಸಿದ. ಗಾಜಿನಾಚೆ ನಿಂತು ನೋಡುವನು, ಇವಳು ನೋಡಿದೊಡನೆ ತಲೆ ತಗ್ಗಿಸಿ ಹೋಗುವನು.

'ನಾನೇನು ತಪ್ಪು ಮಾಡಿದೆ? ಈ ಕೆಮ್ಮು ಕಂಡು ಹೇಸಿಗೆಯಾಯಿತೇ?'

ಅವಳ ಕೆಮ್ಮು ದಿನೇದಿನೇ ಹೆಚ್ಚುತ್ತಿತ್ತು. ಅದೇ ಸಾಲಿನಲ್ಲಿ ಕೆಲಸ ಮಾಡುವ ಅತ್ತಿಗೆ ಒಂದು ದಿನ ರೇಗಿದಳು.

"ಈ ಕೆಮ್ಮು ಇಟ್ಕೊಂಡು ಯಾಕೆ ಬರ್ತೀಯೇ? ನೀನಿಲ್ದಿದ್ರೆ ಬೀಜ ಕಟ್ಟಲ್ವಾ?"

"ಇವತ್ತೊಂದು ದಿನ, ಅತ್ತಿಗೆ."

"ದಿನಾ ಇದೇ ರಾಗ. ಅವನು ಬಂದು ಮಾತಾಡ್ತಾನೆ ಅಂತ ಕಾಯ್ತಿದೀಯ. ನನಗೇನು ಕಣ್ಣಿಲ್ವಾ?"

ಅವಳು ಮತ್ತೆ ಚಿಮಟ ಹಿಡಿದಳು. ಅವನು ದೂರವಾದ ಕಾರಣ ತಿಳಿಯದೆ ಕೆಲಸ ಬಿಟ್ಟುಹೋಗಲು ಮನಸ್ಸು ಒಪ್ಪಲಿಲ್ಲ. ಆ ಪುಡಿಯನ್ನೇ ಉಸಿರಾಡುತ್ತ ಕಾದಳು. ಕಡೆಗೊಂದು ಬೆಳಿಗ್ಗೆ ಗಿಡಗಳ ನಡುವೆ ಕುಸಿದಳು.

"ಪರಾಗ ಈ ಮೈಗೆ ಆಗೋದಿಲ್ಲ," ಎಂದರು ವೈದ್ಯರು. "ಮೊದಲೇ ಆ ಕೆಲಸ ಬಿಡಬೇಕಿತ್ತು. ಶ್ವಾಸಕೋಶ ಇನ್ನು ಸರಿಹೋಗೋದಿಲ್ಲಮ್ಮ."

ಸಂಜೆ ಆಸ್ಪತ್ರೆಯ ಬಾಗಿಲಲ್ಲಿ ಒಬ್ಬ ನಿಂತಿದ್ದ. ತಲೆ ಬೋಳು, ಮೀಸೆ ಇಲ್ಲ. ಕಣ್ಣುಗಳಿಂದಷ್ಟೇ ಗುರುತು ಸಿಕ್ಕಿತು.

"ಹೇಸಿಗೆಪಟ್ಟು ದೂರ ಹೋದ್ರಿ. ಈಗ ಕನಿಕರ ಬಂತಾ?"

"ಹೇಸಿಗೆನಾ? ನಾನು ಪಕ್ಕ ಕೂತಾಗೆಲ್ಲ ನಿಮಗೆ ಉಸಿರು ಕಟ್ಟೋದು. ನನ್ನ ಅಂಗಿ ಮೇಲಿನ ಪುಡಿಯಿಂದ ಅಂತ ಗೊತ್ತಾಯ್ತು. ಅದಕ್ಕೇ ದೂರ ನಿಂತೆ."

"ಬಾಯಿಬಿಟ್ಟು ಹೇಳೋಕೆ ಏನಾಗಿತ್ತು?"

"ಹೇಳಿದ್ರೆ ಕೆಲಸ ಬಿಡ್ತಿದ್ರಿ. ಆಮೇಲೆ ನಿಮ್ಮನ್ನ ಎಲ್ಲಿ ನೋಡಲಿ? ಗಾಜಿನಾಚೆಯಿಂದಾದ್ರೂ..."

ಅವಳು ಕಣ್ಣು ಮುಚ್ಚಿದಳು.

"ನೀವು ಕಾರಣ ಹೇಳ್ತೀರ ಅಂತಾನೇ ನಾನು ಕೆಲಸ ಬಿಡಲಿಲ್ಲ."

ಅವನು ಬಾಗಿಲ ಚೌಕಟ್ಟು ಹಿಡಿದು ಹಾಗೆಯೇ ನೆಲಕ್ಕೆ ಕುಳಿತ. ಒಂದು ಮಾತಿನಿಂದ ಉಳಿಯಬಹುದಾಗಿದ್ದ ಉಸಿರು ಅದು. ದೇವರು ನಾಲಿಗೆ ಕೊಟ್ಟಿದ್ದಾನೆ. ಬೇಕಾದ ಹೊತ್ತಿಗೆ ಅದನ್ನು ಬಿಗಿಹಿಡಿಯುವವರು ನಾವೇ.

ಅವಳೇ ಕರೆದಳು. "ಒಳಗೆ ಬಾ."

"ಪುಡಿ ಉಳೀಬಾರದು ಅಂತ ತಲೆ, ಮೀಸೆ ಬೋಳಿಸಿ, ಮೈ ಉಜ್ಜಿ ಸ್ನಾನ ಮಾಡಿದೀನಿ. ಬಟ್ಟೆ ಹೊಸದು. ಆ ಕೆಲಸಾನೂ ಬಿಟ್ಟೆ." ಮಂಚದ ಬಳಿ ಬಂದು ತಡವರಿಸಿದ. "ನನ್ನ ಮದುವೆ ಆಗ್ತೀಯಾ?"

"ಈ ಉಸಿರು ಇಟ್ಕೊಂಡು ಎಷ್ಟು ದಿನದ ಸಂಸಾರ?"

"ಗೊತ್ತಿಲ್ಲ. ಸರಿಹೋಗುತ್ತೆ ಅಂತ ಸುಳ್ಳು ಹೇಳಲಾರೆ."

ಅವಳು ಅವನ ಕೈಯನ್ನು ಎಳೆದು ಮುಖಕ್ಕೆ ಒತ್ತಿಕೊಂಡಳು.

"ಏನು ವಾಸನೆ ಬರುತ್ತೆ?" ಎಂದ ಹೆದರುತ್ತ.

"ಬರೀ ಸೋಪು." ಅವಳ ದನಿ ಒಡೆಯಿತು. "ಹೀಗೇ ಒಂದಿನ ಮೊದಲೇ ಬರಬಾರದಿತ್ತಾ?"

ಅವಳು ಏದುಸಿರು ಬಿಡುವುದನ್ನು ಕಂಡು ಅವನು ಬಾಗಿದ.

"ಉಸಿರಿಗೆ ಕಷ್ಟ ಆಗ್ತಿದೆ ನಿಂಗೆ. ಕೈ ತೆಗೀಲಾ?"

"ಬೇಡ... ಇರಲಿ."