ಎದೆಯ ಕಡೆ ನೋಡುವ ಕರಡಿ

"ಈ ಮೌಸ್ ತಗದು ಬಾಜೂಕ ಇಡ್ರಿ. ನಂಗ ಬ್ಯಾಡ!"

ಕೆಲಸ ಕೇಳಿಕೊಂಡು ಬಂದ ಹುಡುಗಿಯ ಬಾಯಿಂದ ಬಂದ ಮೊದಲ ಮಾತೇ ಇದು. ಸುಜಯ ಕಣ್ಣು ಕಣ್ಣು ಬಿಟ್ಟ.

ಬೆಳಗಾವಿಯಲ್ಲಿ ಸೈನ್ಯವಿರುವ ಕ್ಯಾಂಪ್ ಪ್ರದೇಶದಲ್ಲಿ ಅವನದು ಬ್ಯಾಡ್ಜ್ ಹೊಲಿಯುವ ಅಂಗಡಿ. ಸೈನಿಕರ ಹೆಸರಿನ ಪಟ್ಟಿ, ಶಾಲೆಗಳ ಲಾಂಛನ, ಆಟದ ತಂಡಗಳ ಗುರುತು... ಎಲ್ಲವನ್ನೂ ಮೊದಲು ಕಂಪ್ಯೂಟರಿನ ಪೇಂಟ್‌ನಲ್ಲಿ ಬರೆದು, ಆಮೇಲೆ ಎಂಬ್ರಾಯ್ಡರಿ ಮಷೀನಿಗೆ ಕೊಟ್ಟು ಹೊಲಿಸುತ್ತಿದ್ದ. ಚಿತ್ರ ಬರೆಯುವವರು ಬೇಕೆಂದು ಬಾಗಿಲಿಗೆ ಬೋರ್ಡು ತೂಗುಹಾಕಿದ್ದ. ಅದನ್ನು ನೋಡಿ ಒಳಗೆ ಬಂದವಳು ಮನಿಷಾ, ಖಾನಾಪುರ ತಾಲೂಕಿನ ಬೀಡಿ ಎಂಬ ಊರಿನವಳು.

"ಮೌಸ್ ಇಲ್ದ ಚಿತ್ರಾ ಹೆಂಗ ಬರೀತೀರಿ?"

"ಬರದ ಮ್ಯಾಲ ಕೇಳ್ರಿ."

'ಅಬ್ಬಾ, ಎಂಥ ಸೊಕ್ಕು!' ಅಂದುಕೊಂಡ ಸುಜಯ. ಆದರೂ ಕುರ್ಚಿ ಎಳೆದುಕೊಟ್ಟ. ಚಹಾಕ್ಕೂ ಹೇಳಿಕಳಿಸಿದ.

ಮನಿಷಾಳ ಬಲಗೈ ಇಷ್ಟೊತ್ತೂ ಹೆಗಲಿಂದ ಇಳಿಬಿಟ್ಟ ಓಢಣಿಯ ಮರೆಯಲ್ಲೇ ಇತ್ತು. ಎಡಗೈಯಿಂದ ಪೇಂಟ್ ತೆರೆದು, ಆಲ್ಟ್ ಮತ್ತು ಶಿಫ್ಟ್ ಗುಂಡಿ ಒಟ್ಟಿಗೆ ಅದುಮಿದಳು. ಮೂರನೆಯದು ನಮ್ ಲಾಕ್. ಅದು ಆ ತುದಿಯಲ್ಲಿತ್ತು. ಅದಕ್ಕೆ ಬಲಗೈ ಬೇಕೇ ಬೇಕು.

ಕೈ ಹೊರಗೆ ಬಂತು... ಸುಜಯನ ಕಣ್ಣು ಅಲ್ಲೇ ನೆಟ್ಟಿತು.

ಹೆಬ್ಬೆರಳು, ಕಿರುಬೆರಳು. ಅಷ್ಟೇ. ನಡುವಿನ ಮೂರನ್ನು ಚಿಕ್ಕಂದಿನಲ್ಲೇ ಮೇವು ಕತ್ತರಿಸುವ ಯಂತ್ರ ನುಂಗಿತ್ತು.

ಮನಿಷಾ ಅವನ ಮುಖ ನೋಡಲಿಲ್ಲ. ಅವಳ ಕಣ್ಣು ಪರದೆಯ ಮೇಲಿತ್ತು. ಆ ಮೂರು ಗುಂಡಿ ಒತ್ತಿದ ಮೇಲೆ ಕೀಬೋರ್ಡಿನ ಅಂಕಿಗಳೇ ಮೌಸ್ ಆಗಿಬಿಟ್ಟಿದ್ದವು. ಅಂಕಿ ಒತ್ತಿದ ದಿಕ್ಕಿಗೆ ಬಾಣ ಸರಿಯಿತು. ಸೊನ್ನೆ ಒತ್ತಿದರೆ ಗೆರೆ ಶುರು, ಪಕ್ಕದ ಚುಕ್ಕೆ ಒತ್ತಿದರೆ ಗೆರೆ ಬಂದ್! ಎಡಗೈ ಕಂಟ್ರೋಲ್ ಜಿ ಒತ್ತಿ ಪರದೆಯ ಮೇಲೆ ಚೌಕಳಿ ತಂದಿತು. ಗೆರೆ ತಪ್ಪಿದರೆ ಕಂಟ್ರೋಲ್ ಝಡ್, ತಪ್ಪು ಮಂಗಮಾಯ. ಗರುಡನ ಮೈ, ಒಂದೇ ರೆಕ್ಕೆ ಬರೆದಳು. ಕಂಟ್ರೋಲ್ ಸಿ, ಕಂಟ್ರೋಲ್ ವಿ. ಎರಡನೆಯ ರೆಕ್ಕೆಯನ್ನು ಎಡಬಲ ತಿರುವಿ, ಬಾಣದ ಗುಂಡಿಗಳಿಂದ ಒಂದೊಂದೇ ಚುಕ್ಕೆ ಸರಿಸಿ ಮೈಗೆ ಕೂಡಿಸಿದಳು.

ಚಹಾ ಬರುವುದರೊಳಗೆ ಗರುಡ ಹಾರಲು ತಯಾರಾಗಿತ್ತು!

"ಈಗ ಕೇಳ್ರಿ," ಅಂದಳು ಗದ್ದ ಎತ್ತಿ.

"ಏನ್ ಕೇಳ್ಲಿ... ನಾಳಿಂದ ಬರ್ತೀರೇನ್ರಿ?"

ದಿನಾ ಬೀಡಿಯಿಂದ ಖಾನಾಪುರಕ್ಕೆ ಬಸ್ಸು, ಅಲ್ಲಿಂದ ಬೆಳಗಾವಿಗೆ ರೈಲು. ಮನಿಷಾ ದಣಿಯಲಿಲ್ಲ. ಅಂಗಡಿಯಲ್ಲಿ ಸುಜಯ ಅವಳ ಚಹಾ ಕಪ್ಪನ್ನು ಕೇಳದೆಯೇ ಎಡಗಡೆಗೆ ಇಡುತ್ತಿದ್ದ. ಅವಳು ಬರೆಯುವಾಗ ಮಷೀನಿನ ಸದ್ದು ತಗ್ಗಿಸುತ್ತಿದ್ದ. ಗಿರಾಕಿ ಬಂದರೆ ಸಾಕು, ಅವಳ ಬಲಗೈ ಸರಕ್ಕನೆ ಓಢಣಿಯೊಳಗೆ ಹೋಗುವುದನ್ನೂ ಗಮನಿಸಿದ್ದ. ಆದರೆ ಒಂದು ದಿನವೂ ಕೈ ಬಗ್ಗೆ ಕೇಳಿರಲಿಲ್ಲ.

"ಈ ಗುಂಡಿಗೋಳು ಭಾಳ ಚೊಲೊ," ಅಂದಿದ್ದಳು ಅವಳು ಒಮ್ಮೆ ನಗುತ್ತ. "ಯಾವ ಬೆರಳಿಲೆ ಒತ್ತಿದಿ ಅಂತ ಕೇಳೂದಿಲ್ಲ."

'ಇವರೂ ಹಾಗೇ. ಕೇಳುವುದಿಲ್ಲ...' ಅವಳ ಮನಸ್ಸು ಗುಟ್ಟಾಗಿ ಸೇರಿಸಿತ್ತು. ಅವತ್ತು ರೈಲಿನಲ್ಲಿ ಅವಳು ತನ್ನಷ್ಟಕ್ಕೇ ನಕ್ಕಿದ್ದನ್ನು ಎದುರಿಗೆ ಕೂತ ಅಜ್ಜಿ ನೋಡಿ ಮುಖ ತಿರುಗಿಸಿದ್ದಳು. ಪ್ರೀತಿಗೆ ಬಿದ್ದವರನ್ನು ಕಂಡರೆ ಊರಿಗೇ ಅನುಮಾನ!

ಆಗ ಬಂತು ಖಾನಾಪುರದ ಹುಡುಗಿಯರ ಕುಸ್ತಿ ತಂಡದ ಆರ್ಡರ್. ತಂಡದ ಗುರು ಪ್ರಮಿಳಾ ಮೇಡಮ್ ಜಾಕೀಟಿನ ಎಡ ಎದೆಗೆ ಒಂದು ಬ್ಯಾಡ್ಜ್ ಕೇಳಿದರು. ಮನಿಷಾ ಬರೆದದ್ದು ಕರಡಿ. ಕುರಿ ಕಾಯಲು ಹೋದಾಗ ಎದುರಾದ ಕರಡಿಯ ಕಥೆಯನ್ನು ಅವಳ ಅಪ್ಪ ಸಾತಪ್ಪ ಅದೆಷ್ಟು ಸಲ ಹೇಳಿದ್ದನೋ! ಹಿಂಗಾಲ ಮೇಲೆ ಎದ್ದು, ಮುಖ ಒಂದು ಕಡೆ ಹೊರಳಿಸಿ, ತೋಳು ಅಗಲಿಸಿ, ಥೇಟ್ ಪೈಲ್ವಾನನ ಹಾಗೆ. ಕೆಳಗೆ 'ಖಾನಾಪುರ' ಎಂಬ ಅಕ್ಷರ.

ಚಿತ್ರ ಮುಗಿದ ದಿನ ಮೇಡಮ್ಮು, ಕುಸ್ತಿ ಹುಡುಗಿಯರು ಎಲ್ಲ ನೋಡಲು ಬಂದರು. "ವಾ!" ಅಂದರು. ಮನಿಷಾಳ ಎದೆ ಉಬ್ಬಿತು.

ಸುಜಯನಿಗೂ ತಡೆಯಲಾಗಲಿಲ್ಲ. ಎಷ್ಟೋ ದಿನದಿಂದ ಬಚ್ಚಿಟ್ಟ ಒಂದು ಡಬ್ಬಿ ತಂದು ಅವಳ ಮುಂದಿಟ್ಟ.

"ಎಡಗೈ ಮೌಸ್! ಮುಂಬೈಲಿಂದ ತರಿಸೇನ್ರಿ. ಪಾಪ, ಆ ಎರಡ ಬೆರಳಿನಾಗ ಎಷ್ಟಂತ ಒದ್ದಾಡ್ತೀರಿ..."

ಪಾಪ!

ಕರಡಿಯ ಮೇಲಿದ್ದ ಎಲ್ಲರ ಕಣ್ಣು ಒಮ್ಮೆಲೇ ಅವಳ ಕೈಗೆ ಬಂತು. "ಅಯ್ಯ..." ಎಂದು ಯಾರೋ ಲೊಚಗುಟ್ಟಿದರು. ಗಣಪತಿ ಮಾಡಲು ಹೋಗಿ ಅವನ ಅಪ್ಪನನ್ನು ಮಾಡಿದ್ದ ಸುಜಯ!

ಮನಿಷಾಳ ಮುಖ ಕೆಂಪಾಯಿತು.

"ನಾ ಒದ್ದಾಡಾಕತ್ತೇನಿ ಅಂತ ನಿಮಗ ಯಾರ್ ಹೇಳಿದ್ರು?"

"ಹಂಗಲ್ರಿ ಮನಿಷಾ, ನಾ ಅಂದದ್ದು..."

"ಇಷ್ಟ ದಿನ ನನ್ನ ಕೆಲಸ ನೋಡ್ತೀರಿ ಅಂತ ತಿಳದಿದ್ದೆ. ನೀವೂ ಕೈನ ನೋಡ್ತಿದ್ರಿ!"

ಕಂಟ್ರೋಲ್ ಎಸ್ ಒತ್ತಿ ಕರಡಿಯನ್ನು ಉಳಿಸಿದಳು. ಆಲ್ಟ್ ಎಫ್ ನಾಲ್ಕು ಒತ್ತಿ ಪೇಂಟ್ ಮುಚ್ಚಿದಳು. ಎದ್ದು ಹೊರಟೇಬಿಟ್ಟಳು. ಡಬ್ಬಿ ಮೇಜಿನ ಮೇಲೆ ಹಾಗೆಯೇ ಉಳಿಯಿತು.

ಬೀಡಿಗೆ ಬಂದವಳು ಮತ್ತೆ ಬೆಳಗಾವಿಯ ಕಡೆ ಮುಖ ಮಾಡಲಿಲ್ಲ. ಸುಜಯನ ಫೋನು ಬಡಿದುಕೊಂಡು ಬಡಿದುಕೊಂಡು ಸುಮ್ಮನಾಗುತ್ತಿತ್ತು. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಜಾತಿಯವಳು ಅವಳು. ಆದರೆ ನೋವು? ಅದು ಬೇರೆಯೇ ಲೆಕ್ಕ. 'ಬೇರೆ ಯಾರಾದರೂ ಅಂದಿದ್ದರೆ ತಡೆಯುತ್ತಿದ್ದೆ. ಅವರು ಯಾಕೆ ಅನ್ನಬೇಕಿತ್ತು...' ಎಂದು ಗೋಡೆಯ ಕಡೆ ತಿರುಗಿ ಅತ್ತಳು.

ಆಮೇಲೊಂದು ದಿನ ಪ್ರಮಿಳಾ ಮೇಡಮ್ಮೇ ಫೋನು ಮಾಡಿದರು. ಖಾನಾಪುರದಲ್ಲಿ ಜಾಕೀಟು ಕೊಡುವ ಕಾರ್ಯಕ್ರಮ. ಕರಡಿ ಬರೆದವರು ಬರಲೇಬೇಕು.

"ನಾ ಒಲ್ಲೆ ಬೇ ಯವ್ವಾ," ಅಂದಳು ಮನಿಷಾ ಫೋನಿಟ್ಟು. "ಮೈಕ್ ಹಿಡದು ಮತ್ತ ಅದನ್ನ ಅಂತಾರ. 'ಕೈ ಇಲ್ಲದಿದ್ದರೂ'..."

ಶಾಲೆಯಲ್ಲಿ ಬಹುಮಾನ ಬಂದಾಗಲೂ ಅದೇ. ಕಂಪ್ಯೂಟರ್ ಪರೀಕ್ಷೆ ಪಾಸಾದಾಗಲೂ ಅದೇ. ಹೊಗಳಿಕೆ ಎಂದೂ ಅವಳ ಬಳಿ ಒಂಟಿಯಾಗಿ ಬಂದಿರಲಿಲ್ಲ.

ತಾಯಿ ಭೀಮಕ್ಕ ಆಗಲೇ ಹೊಸ ಸೀರೆ ತೆಗೆದಿದ್ದಳು. "ನೀ ಬರ್ಲಿಲ್ಲಂದ್ರ ಬಿಡು. ನಾ ಒಬ್ಬಾಕೀನ ಹೋಗ್ತೀನಿ. ನನ್ನ ಮಗಳ ಕರಡಿ ನಾ ನೋಡಬ್ಯಾಡೇನ?"

ಇನ್ನೇನು ಮಾಡುವುದು? ಹೋದಳು.

ಮೈದಾನದಲ್ಲಿ ಹುಡುಗಿಯರು ಹೊಸ ಜಾಕೀಟು ತೊಟ್ಟು ಸಾಲಾಗಿ ನಿಂತಿದ್ದರು. ಮನಿಷಾ ಓಢಣಿಯನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡಳು. ಪ್ರಮಿಳಾ ಮೇಡಮ್ ಮೈಕಿನ ಮುಂದೆ ಬಂದರು. 'ಈಗ ಅಂತಾರೆ... ಈಗ ಅಂತಾರೆ...' ಅವಳ ಎದೆ ಢವಢವ ಹೊಡೆದುಕೊಂಡಿತು.

"ನಮ್ಮ ಎದಿ ಮ್ಯಾಲಿನ ಈ ಕರಡಿ ಬರದವ್ರು ಬೀಡಿಯ ಮನಿಷಾ ಸಾತಪ್ಪ! ಇಂಥಾ ಕರಡಿ ಇರೂ ಮುಂದ ನಮ್ಮನ್ನ ಯಾರ್ ಕೆಡವ್ತಾರ ನೋಡೂಣು. ಬರ್ರಿ ಮನಿಷಾ!"

ಅಷ್ಟೇ. ಮುಂದೆ ಒಂದಕ್ಷರ ಇಲ್ಲ!

ಮನಿಷಾ ಎದ್ದು ನಿಂತಳು. ಕುಸ್ತಿ ಹುಡುಗಿಯರು ಚಪ್ಪಾಳೆ ಹೊಡೆಯಲಿಲ್ಲ. ಎಲ್ಲರೂ ಒಟ್ಟಿಗೆ ಬಗ್ಗಿ ತೊಡೆ ತಟ್ಟಿದರು. ಅಖಾಡದಲ್ಲಿ ಸರಿಜೋಡಿಗೆ ಮಾತ್ರ ಸಲ್ಲುವ ಸಲಾಮು ಅದು! ಆ ಸದ್ದಿಗೆ ಮೈದಾನವೇ ಗುಡುಗಿತು. ಭೀಮಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, ಪಕ್ಕದವರಿಗೆಲ್ಲ "ನನ್ನ ಮಗಳ್ರಿ, ನನ್ನ ಮಗಳು" ಎಂದು ಕೇಳದಿದ್ದರೂ ಹೇಳಿದಳು.

ಜಾಕೀಟು ಕೈಗಿಡುತ್ತ ಮೇಡಮ್ ಮೆಲ್ಲಗೆ ಅಂದರು, "ನಾ ಇನ್ನೂ ಉದ್ದ ಮಾತಾಡ್ತಿದ್ದೆ ನೋಡ್ರಿ. ಆ ಅಂಗಡಿ ಸುಜಯ ಕೈ ಮುಗದು, 'ಹೆಸರು, ಊರು, ಕೆಲಸ. ಇಷ್ಟ ಹೇಳ್ರಿ, ಸಾಕು' ಅಂದ."

ಮನಿಷಾ ತಟ್ಟನೆ ತಿರುಗಿದಳು. ಜಾಕೀಟಿನ ಡಬ್ಬಿಗಳ ಹಿಂದೆ, ತಪ್ಪು ಮಾಡಿದ ಹುಡುಗನ ಹಾಗೆ ಅವನು ನಿಂತಿದ್ದ.

ಹತ್ತಿರ ಹೋದಳು. ಕೈಯಲ್ಲಿದ್ದ ಜಾಕೀಟಿನ ಬ್ಯಾಡ್ಜನ್ನು ದಿಟ್ಟಿಸಿದಳು.

"ನನ್ನ ಕರಡಿ ಆ ಕಡಿ ನೋಡ್ತಿತ್ತು. ಈ ಕಡಿ ತಿರುವಿದವ್ರು ಯಾರು?"

"ನಾನ್ರಿ... ತೋಳಿನ ಕಡಿ ನೋಡಿದ್ರ ಎದುರಾಳಿಗೆ ಬೆನ್ನ ಕೊಟ್ಟಂಗ, ಎದಿ ನಡು ಕಡಿ ನೋಡ್ಬೇಕು ಅಂದ್ರು ಮೇಡಮ್. ಮೌಸ್ ಹಿಡದು ಪೂರಾ ಚಿತ್ರಾನ ತಿರುವಿಬಿಟ್ಟೆ. ಹೊಲದೂಬಿಟ್ಟೆ!"

ಕಿಸೆಯಿಂದ ಹಾಳಾದ ಬ್ಯಾಡ್ಜ್ ತೆಗೆದು ತೋರಿಸಿದ. ಕರಡಿಯ ಜತೆ 'ಖಾನಾಪುರ'ವೂ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಆಗಿತ್ತು. ಮನಿಷಾ ನಗು ತಡೆಯಲು ತುಟಿ ಕಚ್ಚಿಕೊಂಡಳು.

"ಆಮ್ಯಾಲ?"

"ಆಮ್ಯಾಲ ಮೌಸ್ ತಗದು ಬಾಜೂಕ ಇಟ್ಟೆ. ಆಲ್ಟ್, ಶಿಫ್ಟ್, ನಮ್ ಲಾಕ್... ನೀವು ಮಾಡ್ತಿದ್ದಂಗ. ಕರಡಿ ಅಷ್ಟ ಆರಿಸಾಕ ಹೋದ್ರ ಕಿವಿ ಹೊರಗ ಉಳೀತು. ಬಾಣದ ಗುಂಡಿ ಒತ್ತಿ ಒತ್ತಿ ಕೂಡಿಸಿದೆ. ಹತ್ತೂ ಬೆರಳು ಇದ್ದು ಮುಂಜಾನಿಂದ ಸಂಜೀತನಕ ತಿಣುಕಿದೆ ಮನಿಷಾ!" ಹಾಳಾದ ಬ್ಯಾಡ್ಜನ್ನು ಮತ್ತೆ ಕಿಸೆಗೆ ತುರುಕಿದ. "ಆವಾಗ ತಿಳೀತು... ನೀವು ಎಂದೂ ಒದ್ದಾಡಿಲ್ಲ. ಒದ್ದಾಡಿದಾಂವ ನಾನು. ಪಾಪ ಅಂದದ್ದು ನಂದು ದೊಡ್ಡ ತಪ್ಪಾತು."

ಮನಿಷಾ ಬ್ಯಾಡ್ಜಿನ ಕರಡಿಯ ಮೇಲೆ ಬೆರಳಾಡಿಸಿದಳು. ಕಣ್ಣಂಚು ಒದ್ದೆಯಾಯಿತು.

"ಖರೇ ಹೇಳ್ಲಿ? ನಿಮ್ಮನ್ನ ನೋಡಿದ್ರ ನನಗ ಪಾಪ ಅನಸೂದಿಲ್ಲ. ಹೆಮ್ಮಿ ಅನಸ್ತೈತಿ. ಇಕಿ ನನ್ನಾಕಿ ಅಂತ ಊರ ಮುಂದ ಹೇಳ್ಕೋಬೇಕು ಅನಸ್ತೈತಿ..."

ಗಾಳಿಗೆ ಓಢಣಿ ಅಲುಗಿತು. ಅವಳು ಅದನ್ನು ಎಳೆದುಕೊಳ್ಳಲಿಲ್ಲ.

"ಆ ಎಡಗೈ ಮೌಸ್ ಏನ್ ಮಾಡಿದ್ರಿ?"

"ವಾಪಸ್ ಕಳಿಸಿದೆ."

"ಕರಡಿ ಕಿವಿ ಒಂದ ಚುಕ್ಕಿ ಮ್ಯಾಲ ಹೋಗೈತಿ."

"ಗೊತ್ತೈತ್ರಿ. ಅಂಗಡಿಗೆ ಬಂದು ಸರಿ ಮಾಡ್ತೀರೇನು?"

"ಅಂಗಡಿಗೆ ಬರ್ತೀನಿ. ಕಿವಿ ಹಂಗ ಇರ್ಲಿ."

"ಯಾಕ್ರಿ?"

"ಇದರಾಗ ಇಬ್ಬರ ಕೈ ಐತಿ ಅಂತ ಗೊತ್ತಾಗ್ಬೇಕಲ್ಲ!"

ಹಾಗೆಂದು ಅವಳು ಕೈ ಮುಂದೆ ಚಾಚಿದಳು. ಬಲಗೈ! ಊರಿನ ಕಣ್ಣಿಗೆ ಬೀಳದ ಹಾಗೆ ಇಷ್ಟು ವರ್ಷ ಮುಚ್ಚಿಟ್ಟಿದ್ದ ಕೈಯನ್ನು, ತುಂಬಿದ ಮೈದಾನದಲ್ಲಿ, ಹಾಡುಹಗಲು.

ಸುಜಯ ಅದನ್ನು ಹಿಡಿದುಕೊಂಡ. ಪೆಟ್ಟಾದ ಕೈಯನ್ನು ಹಿಡಿಯುವ ಹಾಗೆ ಮೆತ್ತಗೆ ಅಲ್ಲ. ಅಖಾಡದಲ್ಲಿ ಪೈಲ್ವಾನರು ಹಿಡಿಯುವ ಹಾಗೆ, ಗಟ್ಟಿಯಾಗಿ.

"ನೋವಾತೇನ್ರಿ?"

"ಇಲ್ಲ..." ಮನಿಷಾ ಗದ್ದ ಎತ್ತಿ ನಕ್ಕಳು. "ಹಿಂಗ ಹಿಡೀರಿ."